ಡ್ರಮ್ಮಿನ ಮೇಲಿನ ಚೀಟಿ

೫-೧೦-೪೩, ಮಂಗಳವಾರ

ಹೆರಿಗೆ ಸಾಮಾನಿನ ಡ್ರಮ್ಮು ಹಬೆಯಿಂದ ಇಳಿಸಿದೆ. ಮುಕ್ಕಾಲು ಗಂಟೆ, ಗಡಿಯಾರ ನೋಡಿಕೊಂಡೇ. ಒಳಗೆ ಕತ್ತರಿ, ಚಿಮಟ ಎರಡು, ಸೂಜಿ, ಹೊಕ್ಕುಳಬಳ್ಳಿ ಕಟ್ಟುವ ದಾರ, ಬಟ್ಟೆ, ಹತ್ತಿ. ಮುಚ್ಚಳ ಬಿಗಿದು ಚೀಟಿ ಅಂಟಿಸಿದೆ — ‘ಅಸೆಪ್ಟಿಕ್, ೫-೧೦, ಮಹದೇವಮ್ಮ.’ ತೆರೆಯದಿದ್ದರೆ ಒಂದು ವಾರ ನಿಶ್ಚಿಂತೆ. ಹಬೆಯ ಸ್ಟವ್ವಿಗೆ ಸೀಮೆಎಣ್ಣೆ ಒಂದೇ ಬಾಟಲಿ ಉಳಿದಿದೆ. ಮುಂದಿನ ರೇಷನ್ ಹದಿನೈದಕ್ಕೆ. ಯುದ್ಧ ಮುಗಿಯೋವರೆಗೂ ಹೀಗೇ ಅಂತಾರೆ ಡಾಕ್ಟರು. ಬಸುರಿಯರು ಯುದ್ಧ ಮುಗಿಯೋವರೆಗೆ ಕಾಯ್ತಾರಾ?

ಬೆಳಿಗ್ಗೆ ವರದಯ್ಯ ಡಾಕ್ಟರು ಒಂದು ಕೆಲಸ ತಗುಲಿಹಾಕಿದರು. ಸೋಮವಾರ ಬಸುರಿಯರು ತೋರಿಸಿಕೊಳ್ಳೋಕೆ ಬಂದಾಗ ಅಸೆಪ್ಟಿಕ್ ಅಂದರೇನು ಅಂತ ತಿಳಿಸಿ ಹೇಳಬೇಕಂತೆ. “ಕನ್ನಡದಲ್ಲಿ ಏನನ್ನಬೇಕು ಸಾರ್?” ಅಂದೆ. “ಅದನ್ನ ನೀವೇ ಹುಡುಕಿ. ನೀವು ಈ ಕಡೆಯವರು” ಅಂದರು. ತಾವು ಬೆಂಗಳೂರಿನವರು ಅಂತ ನಾಜೂಕಾಗಿ ಜಾರಿಕೊಂಡರು.

ಚೊಕ್ಕಟ ಅನ್ನಲಾ? ತೊಳೆದ ತಟ್ಟೆಯೂ ಚೊಕ್ಕಟವೇ. ಆಯಾ ಚಿಕ್ಕಬೋರಮ್ಮ “ಮಡಿ ಅನ್ರವ್ವ, ಎಲ್ಲಾರ್ಗೂ ತಿಳೀತದೆ” ಅಂದಳು. ಕೆರೇಲಿ ಮುಳುಗಿ ಎದ್ದರೂ ಮಡಿ ಆಗುತ್ತೆ, ಆ ಕೆರೆ ನೀರಲ್ಲೇ ನಂಜು ಇರುತ್ತೆ. ಹೌದು... ನಂಜು. ಈ ಮಾತು ಎಲ್ಲರಿಗೂ ಗೊತ್ತು. ಗಾಯ ಊದಿಕೊಂಡರೆ ನಂಜಾಯ್ತು ಅಂತಲೇ ಅನ್ನೋದು. ಮೈಸೂರಲ್ಲಿ ಟ್ರೈನಿಂಗ್ ಕೊಟ್ಟ ಹಿರಿಯ ನರ್ಸು ಹೇಳ್ತಿದ್ದರು — ಬಾವಿಗೆ ನಾಯಿ ಬಿದ್ದಮೇಲೆ ನೀರಿಗೆ ಔಷಧಿ ಹಾಕೋದು ಆಂಟಿಸೆಪ್ಟಿಕ್. ನಾಯಿ ಬೀಳದ ಹಾಗೆ ಮೊದಲೇ ಕಟ್ಟೆ ಕಟ್ಟೋದು ಅಸೆಪ್ಟಿಕ್. ಇದರಲ್ಲಿ ಅರ್ಧ, ಮುಕ್ಕಾಲು ಅಂತ ಇಲ್ಲ ಅಂತಲೂ ಹೇಳ್ತಿದ್ದರು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಮಧ್ಯಾಹ್ನ ಮಾಯಮ್ಮ ಬಂದಿದ್ದಳು. ಪೂರಿಗಾಲಿಯವಳು, ಎಂಟು ತಿಂಗಳು ತುಂಬಿದೆ. ಎರಡು ಹೆತ್ತು ಎರಡನ್ನೂ ಕಳೆದುಕೊಂಡವಳು. ಒಂದು ಆರನೇ ದಿನ, ಇನ್ನೊಂದು ಎಂಟನೇ ದಿನ. ಎರಡೂ ಮೊದಲು ಮೊಲೆ ಬಿಟ್ಟವು, ಆಮೇಲೆ ಬಾಯಿ ಬಿಗಿಯಿತು, ಆಮೇಲೆ ಮೈ ಸೆಟೆಯಿತು. ಮನೆಯಲ್ಲೇ ಹೆರಿಗೆ, ಕುಡುಗೋಲಲ್ಲಿ ಹೊಕ್ಕುಳ ಕೊಯ್ದದ್ದು, ಮೇಲೆ ಸಗಣಿ ಬೂದಿ. ಧನುರ್ವಾಯು. ಅವರೂರಲ್ಲಿ ಗಾಳಿ ಮೆಟ್ಟಿಕೊಂಡಿತು ಅಂತಾರೆ. ನಾನೇ ಎರಡು ಸಲ ಅವರ ಮನೆಗೆ ಹೋಗಿ, ಅತ್ತೆ ಚಿಕ್ಕನಂಜಮ್ಮನ ಕೈಲಿ ಬೈಸಿಕೊಂಡು, ಇಲ್ಲಿಗೆ ಬರೋಕೆ ಒಪ್ಪಿಸಿದ್ದು.

“ಇಲ್ಲಿ ಅಂಗಾಗಕಿಲ್ಲ ತಾನೇ ಅಕ್ಕ?” ಅಂದಳು.

“ಆಗೋಲ್ಲ” ಅಂದೆ.

“ನನ್ ತಲೆ ಮುಟ್ಟಿ ಯೋಳಿ.”

ಮುಟ್ಟಿ ಹೇಳಿದೆ.

೭-೧೦-೪೩, ಗುರುವಾರ, ಹಗಲು ಹನ್ನೊಂದು

ಆಯುಧಪೂಜೆ. ಬಸ್ಸಿಗೆ ಇನ್ನೂ ಅರ್ಧ ಗಂಟೆ. ಆತಗೂರಿಗೆ ಹೊರಟಿದೀನಿ, ಅಣ್ಣ ಕೆಂಪಸಿದ್ದಯ್ಯನ ಮನೆಗೆ. ವಾರ್ಡಿನ ಆರು ಮಂಚವೂ ಖಾಲಿ. ಮಾಯಮ್ಮನಿಗೆ ಇನ್ನೂ ಮೂರು ವಾರ ಇದೆ. ಡಾಕ್ಟರೇ ಹೋಗಿಬನ್ನಿ ಅಂದರು.

ಆಸ್ಪತ್ರೆ ತುಂಬ ಹೂವು. ಜವಾನ ಚಲುವರಾಜು ಸೈಕಲ್ಲಿಗೆ ಬಾಳೆಕಂದು ಕಟ್ಟಿದ. ಚಿಕ್ಕಬೋರಮ್ಮ ಪೊರಕೆಯನ್ನೂ ಬಿಡಲಿಲ್ಲ, ಒರಳನ್ನೂ ಬಿಡಲಿಲ್ಲ, ಎಲ್ಲದಕ್ಕೂ ಕುಂಕುಮ. ಡಾಕ್ಟರು ಕೂಡ ಸ್ಟೆತಾಸ್ಕೋಪಿಗೆ ಸೇವಂತಿಗೆ ಮುಡಿಸಿ ಮಂತ್ರ ಹೇಳಿದರು. ಚಿಕ್ಕಬೋರಮ್ಮ ಹೂ ಹಿಡಿದು ಡ್ರಮ್ಮಿನ ಹತ್ತಿರ ಹೋದಾಗ ಗದರಿದೆ — “ಅದನ್ನ ಮುಟ್ಟಬೇಡ, ಅದು ಅಸೆಪ್ಟಿಕ್.” ಪಾಪ, ಕೈ ಹಿಂದಕ್ಕೆ ತಗೊಂಡಳು.

ಎಲ್ಲರೂ ಪ್ರಸಾದಕ್ಕೆ ಅಂಗಳಕ್ಕೆ ಹೋದರು. ನಾನು ಹೋಗಲಿಲ್ಲ. ಪೊರಕೆಗೂ ಪೂಜೆ ಆಯಿತು, ನನ್ನ ಕತ್ತರಿಗೆ ಮಾತ್ರ ಇಲ್ಲ ಅನ್ನಿಸಿತು. ಗಂಡ ಹೋದಮೇಲೆ ನನಗೆ ಅನ್ನ ಕೊಟ್ಟದ್ದು ಅದೇ. ಶ್ರಾವಣದಲ್ಲಿ ಒಬ್ಬಳು ರಕ್ತ ನಿಲ್ಲದೆ ನನ್ನ ಕೈಯಲ್ಲೇ ಹೋದಳು. ಆವತ್ತಿಂದ ಪ್ರತಿ ಹೆರಿಗೆಗೂ ಮುಂಚೆ ನಮ್ಮ ಮನೆದೇವರು ಮಾದಪ್ಪನ ಹೆಸರು ಹೇಳಿಕೊಳ್ತೀನಿ. ಈಗ ಮಾಯಮ್ಮ. ತಲೆ ಮುಟ್ಟಿ ಬೇರೆ ಹೇಳಿಬಿಟ್ಟಿದೀನಿ.

ಸೆರಗಿನ ಗಂಟಲ್ಲಿ ಧೂಳ್ತ ಇತ್ತು. ಶಿವರಾತ್ರಿಯಲ್ಲಿ ಅವ್ವ ಮನೆ ಹಸುವಿನ ಸಗಣಿ ಸುಟ್ಟು ಮಾದಪ್ಪನ ಹೆಸರಲ್ಲಿ ಮಾಡಿಡೋ ಬೂದಿ. ಡ್ರಮ್ಮು ತೆಗೆದೆ. ಕತ್ತರಿಗೆ ಒಂದು ಚಿಟಿಕೆ, ಸೂಜಿಗೆ ಒಂದು ಚಿಟಿಕೆ. ಕೈ ಮುಗಿದೆ. ಮುಚ್ಚಿದೆ.

ಪೂಜೆಗಿಟ್ಟದ್ದನ್ನ ಇವತ್ತು ಯಾರೂ ಎತ್ತೋದಿಲ್ಲ. ನಾಳೆ ಬಂದ ತಕ್ಷಣ ಮತ್ತೆ ಹಬೆಗಿಡ್ತೀನಿ. ಇರೋ ಒಂದು ಬಾಟಲಿ ಎಣ್ಣೆಯೂ ಹೋಗುತ್ತೆ, ಹೋಗಲಿ. ಮನಸ್ಸು ಹಗುರ ಆಯಿತು. ಬಸ್ಸಿನ ಸದ್ದು ಕೇಳ್ತಿದೆ.

೮-೧೦-೪೩, ಶುಕ್ರವಾರ, ಸಂಜೆ

ಮಾದಪ್ಪಾ.

ಮದ್ದೂರಿಂದ ಬರೋ ಬಸ್ಸು ಇದ್ದಿಲ ಗ್ಯಾಸಿನದು. ಎರಡು ಕಡೆ ನಿಂತಿತು. ನಾಲ್ಕಕ್ಕೆ ಬಂದೆ. ಬಾಗಿಲಲ್ಲೇ ಚಿಕ್ಕಬೋರಮ್ಮ, ಮುಖ ತುಂಬ ನಗು.

“ಮಾಯಮ್ಮುಂಗೆ ಎಣ್ಮೊಗ ಕಣವ್ವ! ನಿನ್ನೆ ದೀಪ ಅಚ್ಚೋ ವೊತ್ಗೆ ಗಾಡಿ ಕಟ್ಕಂಡ್ ಬಂದ್ರು. ಡಾಕ್ಟ್ರಪ್ಪಾರೇ ಎರ್ಗೆ ಮಾಡ್ಸುದ್ರು.”

ಚೀಲ ಅಲ್ಲೇ ಇಟ್ಟು ಹೆರಿಗೆ ಕೋಣೆಗೆ ಓಡಿದೆ. ಡ್ರಮ್ಮು ತೆರೆದಿತ್ತು. ಬಳಸಿದ ಕತ್ತರಿ ಲೈಸಾಲ್ ಔಷಧಿಯ ಬೋಗುಣಿಯಲ್ಲಿ. ಸೂಜಿಯೂ. ಡ್ರಮ್ಮಿನ ತಳದ ಬಟ್ಟೆ ಮಡಿಕೆಯಲ್ಲಿ ಬೂದಿ ಇನ್ನೂ ಇತ್ತು. ಇಷ್ಟೇ ಇಷ್ಟು. ಬೆರಳಲ್ಲಿ ಒರೆಸಿದೆ.

ಡಾಕ್ಟರು ಬಂದರು. ಖುಷಿಯಲ್ಲಿದ್ದರು. “ಬರುವಾಗಲೇ ಮಗುವಿನ ತಲೆ ಕಾಣ್ತಿತ್ತು. ಕುದಿಸೋಕೆ ಸಮಯ ಎಲ್ಲಿ? ನಿಮ್ಮ ಚೀಟಿ ನೋಡಿದೆ, ತೆಗೆದೆ. ತಾಯಿಗೆ ಎರಡು ಹೊಲಿಗೆ. ನೀವು ಇಲ್ಲದಿದ್ದರೂ ನಿಮ್ಮ ಡ್ರಮ್ಮು ಇತ್ತು, ಉಳಿಸಿತು.”

ಬೂದಿ ಹತ್ತಿದ ಬೆರಳನ್ನ ಸೆರಗಿಗೆ ಒರೆಸಿಕೊಂಡೆ. “ಒಳ್ಳೇದಾಯ್ತು ಸಾರ್” ಅಂದೆ. ಒಳ್ಳೇದಾಯ್ತಂತೆ.

ಮಗು ನೋಡಿದೆ. ಕೆಂಪಗೆ, ಐದೂವರೆ ಪೌಂಡು. ಮೊಲೆ ಚೀಪುತ್ತಿದೆ. ಹೊಕ್ಕುಳಿನ ಬಟ್ಟೆ ಬಿಚ್ಚಿ ತುದಿಯನ್ನ ಸ್ಪಿರಿಟಲ್ಲಿ ಒರೆಸಿದೆ, ಮೂರು ಸಲ. ಒಳಗೆ ಹೋದ ನಂಜು ಸ್ಪಿರಿಟಿಗೆ ಸಿಗುತ್ತಾ? ಮಾಯಮ್ಮ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಕೈ ಕಿತ್ತುಕೊಂಡೆ.

೯-೧೦-೪೩, ಶನಿವಾರ

ಎರಡನೇ ದಿನ. ಕುಡೀತಿದೆ.

ಬೆಳಿಗ್ಗೆಯಿಂದ ಆರು ಸಲ ನೋಡಿದೆ. ಕೈ ತೊಳೆದು ಕಿರುಬೆರಳು ತುಟಿಗೆ ತಾಗಿಸಿದರೆ ಬಾಯಿ ತೆರೆಯುತ್ತೆ, ಜಗ್ಗುತ್ತೆ. ಆ ಜಗ್ಗು ಸಿಕ್ಕಿದಾಗ ನನಗೆ ಉಸಿರು ಬರುತ್ತೆ. ಮಾಯಮ್ಮ “ಯಾಕಕ್ಕ ಗಳ್ಗೆ ಗಳ್ಗೆಗೂ ನೋಡ್ತೀರಿ?” ಅಂದಳು. ಚಂದ ಇದೆಯಲ್ಲ ಅದಕ್ಕೆ ಅಂದೆ.

ಟ್ರೈನಿಂಗಿನ ನೋಟ್ಸು ತೆಗೆದು ಓದಿದೆ. ಧನುರ್ವಾಯು — ಮೂರನೇ ದಿನದಿಂದ ಹದಿನಾಲ್ಕರವರೆಗೆ, ಹೆಚ್ಚಾಗಿ ಏಳು. ಶುರುವಾದಮೇಲೆ ಎಳೆಕೂಸು ಉಳಿಯೋದು ಅಪರೂಪ. ಶುರುವಾಗೋ ಮುಂಚೆ ಸೀರಂ ಚುಚ್ಚಿದರೆ ತಡೀಬಹುದು. ನನ್ನದೇ ಅಕ್ಷರ, ಗುಂಡಗೆ ಬರೆದಿದೀನಿ, ಕೆಳಗೆ ಎರಡು ಗೆರೆ ಬೇರೆ.

ಸೀರಂ ನಮ್ಮಲ್ಲಿಲ್ಲ. ತರಿಸಬೇಕಾದರೆ ಡಾಕ್ಟರಿಗೆ ಹೇಳಬೇಕು. ಹೇಳಬೇಕಾದರೆ ಬೂದಿ ವಿಷಯ ಹೇಳಬೇಕು.

ನಾಳೆ ಹೇಳ್ತೀನಿ.

೧೦-೧೦-೪೩, ಭಾನುವಾರ

ಹೇಳಲಿಲ್ಲ.

ಮೂರನೇ ದಿನ. ಕುಡೀತಿದೆ. ಮಧ್ಯಾಹ್ನ ಒಂದು ಸಲ ಕುಡಿಯದೆ ಮುಖ ತಿರುಗಿಸಿತು. ಮಂಚದ ಪಕ್ಕದಿಂದ ನಾನು ಏಳಲೇ ಇಲ್ಲ. ಹೊಟ್ಟೆ ತುಂಬಿತ್ತು ಅಷ್ಟೆ, ಗಂಟೆ ಕಳೆದಮೇಲೆ ತಾನೇ ಅತ್ತು ಕುಡಿಯಿತು.

ಹೇಳಿದರೆ ಕೆಲಸ ಹೋಗುತ್ತೆ. ಹೋದರೆ ಆತಗೂರು. ಅಣ್ಣ ಬಾ ಅಂತಾನೆ, ಅತ್ತಿಗೆ ಬಾ ಅನ್ನೋದಿಲ್ಲ. ಅದಕ್ಕಿಂತ ಹೆಚ್ಚಾಗಿ... ನಾಚಿಕೆ. ಊರೂರು ತಿರುಗಿ ಬೂದಿ ಹಾಕಬೇಡಿ, ಬೂದಿ ಹಾಕಬೇಡಿ ಅಂತ ಗಂಟಲು ಹರಿದುಕೊಂಡವಳು ನಾನು. ನಾನೇ ಹಾಕಿದೆ ಅಂತ ಯಾವ ಮುಖ ಇಟ್ಟುಕೊಂಡು ಹೇಳಲಿ?

ಇನ್ನೊಂದು ಯೋಚನೆಯೂ ಬಂತು. ಬರೆದಿಡ್ತೀನಿ, ಇಲ್ಲಿ ಯಾರೂ ನೋಡೋಲ್ಲ. ಚಿಕ್ಕಬೋರಮ್ಮ ಹಾಕಿದಳು ಅಂದರೆ ಎಲ್ಲರೂ ನಂಬ್ತಾರೆ. ಆವತ್ತು ಹೂ ಹಿಡಿದು ಡ್ರಮ್ಮಿನ ಹತ್ತಿರ ನಿಂತಿದ್ದನ್ನ ಡಾಕ್ಟರೂ ನೋಡಿದಾರೆ. ಆ ಯೋಚನೆ ಬಂದು ಸ್ವಲ್ಪ ಹೊತ್ತು ಕೂತಿತ್ತು. ನಾನೇ ಕೂರಿಸಿಕೊಂಡಿದ್ದೆ.

೧೧-೧೦-೪೩, ಸೋಮವಾರ, ಬೆಳಿಗ್ಗೆ

ನಾಲ್ಕನೇ ದಿನ. ಕುಡೀತಿದೆ.

ಬಸುರಿಯರು ಒಂಬತ್ತು ಜನ ಬಂದು ಜಗಲಿಯಲ್ಲಿ ಕೂತರು. ಡಾಕ್ಟರು ಒಳಗಿಂದ “ಹೇಳಿ, ಹೇಳಿ” ಅಂದರು. ಬಾವಿ, ನಾಯಿ, ಕಟ್ಟೆ ಎಲ್ಲಾ ಹೇಳಿದೆ. ನಂಜು ಹತ್ತಿರ ಸುಳಿಯದ ಹಾಗೆ ಕಾಯೋದು, ಅದೇ ಅಸೆಪ್ಟಿಕ್ ಅಂದೆ. ಹೆಂಗಸರು ತಲೆ ಆಡಿಸಿದರು. ಪೂರಿಗಾಲಿಯ ಮಂಗಳಮ್ಮ ಅನ್ನೋಳು, ಚೊಚ್ಚಲು, ಗಟ್ಟಿ ಬಾಯಿಯವಳು, ಎದ್ದು ಕೇಳಿದಳು:

“ಅದು ಆಗೈತೋ ಇಲ್ವೋ ಅಂತ ಎಂಗೆ ಗೊತ್ತಾಗೋದು ಅಕ್ಕ? ಕಣ್ಗೆ ಕಾಣ್ತದಾ?”

ಕಾಣೋಲ್ಲ ಅಂದೆ.

“ಮತ್ತೆ?”

ಮಾಡಿದವರು ಹೇಳಬೇಕು, ಅಷ್ಟೆ. ಅವರ ಮಾತನ್ನ ನಂಬಬೇಕು. ಹಾಗಂತ ನನ್ನ ಬಾಯಿಂದಲೇ ಬಂತು. ಆಮೇಲೆ ಅಲ್ಲಿ ನಿಲ್ಲೋಕಾಗಲಿಲ್ಲ.

ಅದೇ ದಿನ, ಮಧ್ಯಾಹ್ನ

ಹೇಳಿಬಿಟ್ಟೆ.

ಡಾಕ್ಟರು ರಿಜಿಸ್ಟರು ಬರೀತಿದ್ದರು. “ಸಾರ್, ಡ್ರಮ್ಮು ಅಸೆಪ್ಟಿಕ್ ಆಗಿರಲಿಲ್ಲ” ಅಂದೆ. ತಲೆ ಎತ್ತಲಿಲ್ಲ. “ಯಾವ ಡ್ರಮ್ಮು?” “ಮಾಯಮ್ಮಂದು. ಒಳಗೆ ಬೂದಿ ಹಾಕಿತ್ತು. ಸಗಣಿ ಬೂದಿ.”

ಪೆನ್ನು ಕೆಳಗಿಟ್ಟರು. “ಚಿಕ್ಕಬೋರಮ್ಮನಾ?”

ಹೂಂ ಅನ್ನೋಕೆ ಒಂದು ಕ್ಷಣ ಸಾಕಾಗಿತ್ತು. “ಅಲ್ಲ ಸಾರ್. ನಾನೇ.”

ಡಾಕ್ಟರು ರಿಜಿಸ್ಟರು ಮುಚ್ಚಿದರು. ಹೊರಗೆ ಚಲುವರಾಜು ಸೈಕಲ್ಲಿಗೆ ಗಾಳಿ ಹೊಡೀತಿದ್ದ. ಆಮೇಲೆ ಒಂದೇ ಸಲ ಕೂಗಿದರು. “ನಾಲ್ಕು ದಿನ! ನಾಲ್ಕು ದಿನ ಆ ಮಗುವಿನ ಹತ್ತಿರ ಓಡಾಡಿಕೊಂಡು ಸುಮ್ಮನಿದ್ದಿರಾ?”

ಅಳು ಬಂತು. ಅಳೋಕೂ ಹೆದರಿಕೆ.

ಸ್ವಲ್ಪ ತಣ್ಣಗಾಗಿ ಅಂದರು, “ಬೂದಿ ಹಾಕಿದ್ದಕ್ಕೆ ನಾನು ಬೈಯೋಲ್ಲ ಮಹದೇವಮ್ಮ. ನಾನೂ ಹೂ ಮುಡಿಸಿದವನೇ. ಹಾಕಿದಮೇಲೆ ಆ ಚೀಟಿ ಯಾಕೆ ಕೀಳಲಿಲ್ಲ? ಅದೊಂದನ್ನ ಕಿತ್ತಿದ್ದರೆ ನಾನು ಮುಟ್ಟುತ್ತಿರಲಿಲ್ಲ. ನಾನು ಓದಿದ್ದು ನಿಮ್ಮ ಹೆಸರು, ನಿಮ್ಮ ಮಾತು.”

ಚೀಟಿ ಕೀಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಅಂಟಿಸಿದಮೇಲೆ ಅದು ನಿಜ ಅಂತಲೇ ಅಂದುಕೊಂಡಿದ್ದೆನೋ ಏನೋ.

ಮೈಸೂರಿನ ಸ್ನೇಹಿತರಿಗೆ ಕಾಗದ ಬರೆದು ಚಲುವರಾಜುವನ್ನ ಮೂರರ ಬಸ್ಸಿಗೆ ಓಡಿಸಿದರು. ಸೀರಂ ಎಲ್ಲಾ ಮಿಲಿಟರಿಗೆ ಹೋಗ್ತಿದೆಯಂತೆ. ಸಿಕ್ಕಿದರೆ ಪುಣ್ಯ.

೧೨-೧೦-೪೩, ಮಂಗಳವಾರ

ಐದನೇ ದಿನ. ಕುಡೀತಿದೆ. ಸಂಜೆ ಸ್ವಲ್ಪ ನಿಧಾನವಾಗಿ.

ಚಲುವರಾಜು ಬರಲಿಲ್ಲ. ಬಸ್ಸು ಬಂತು, ಅವನಿಲ್ಲ.

ಡಾಕ್ಟರು ಮೂರು ಸಲ ಬಂದು ಮಗುವಿನ ದವಡೆ ಮುಟ್ಟಿ ನೋಡಿದರು. ನನ್ನ ಹತ್ತಿರ ಮಾತಿಲ್ಲ. ಬೇಕಾದ್ದನ್ನ ಚಿಕ್ಕಬೋರಮ್ಮನ ಕೈಲಿ ಕೇಳ್ತಾರೆ. ಅವಳಿಗೆ ಏನೂ ಗೊತ್ತಿಲ್ಲ. “ಅದ್ಯಾಕವ್ವ ಇಬ್ರೂ ಮೊಕ ಊದುಸ್ಕಂಡಿದ್ದೀರಿ, ನೆನ್ನೆಯಿಂದ ನೋಡ್ತಾವ್ನಿ” ಅಂತ ನನ್ನನ್ನೇ ಕೇಳಿದಳು.

ಚಿಕ್ಕನಂಜಮ್ಮ ಊರಿಂದ ಬಂದು ಸೊಸೆಯ ಹತ್ತಿರ ಕೂತಿದಾಳೆ. ಅವಳೂ ದಿನ ಲೆಕ್ಕ ಹಾಕ್ತಿದಾಳೆ, ಬೆರಳು ಮಡಿಚಿ. ಅವಳ ಲೆಕ್ಕ, ನನ್ನ ಲೆಕ್ಕ ಒಂದೇ. ನಾಳೆ ಆರನೇ ದಿನ. ಮೊದಲನೇ ಮೊಮ್ಮಗು ಹೋದ ದಿನ.

೧೩-೧೦-೪೩, ಬುಧವಾರ, ಹಗಲು ಎರಡು

ಬಂದ. ಬನ್ನೂರಿನ ಹತ್ತಿರ ಬಸ್ಸು ಕೆಟ್ಟು, ಅರ್ಧ ದಾರಿ ಗಾಡಿ, ಅರ್ಧ ನಡಿಗೆ. ಫ್ಲಾಸ್ಕು ಎದೆಗೆ ಅವಚಿಕೊಂಡು ಬಂದಿದಾನೆ. “ಐಸು ಕರಗೋಯ್ತು ಅಂತ ಪರಾಣ ಓಗ್ತಿತ್ತು ಕಣಕ್ಕ” ಅಂದ. ಒಂದೇ ಸೀಸೆ. ಡಾಕ್ಟರು ಬೆಳಕಿಗೆ ಹಿಡಿದು ನೋಡಿ, ಪರವಾಗಿಲ್ಲ ಅಂದರು. ಮಗುವಿಗಿಷ್ಟು, ತಾಯಿಗಿಷ್ಟು. ಹನಿಯೂ ಉಳಿಯಲಿಲ್ಲ.

ಸಿರಿಂಜು ನಾನೇ ಕುದಿಸಿದೆ. ಡಾಕ್ಟರು ಪಕ್ಕದಲ್ಲೇ ಗಡಿಯಾರ ಹಿಡಿದು ನಿಂತಿದ್ದರು, ಇಪ್ಪತ್ತು ನಿಮಿಷವೂ. ನಾನಿಲ್ಲಿಗೆ ಬಂದ ಒಂಬತ್ತು ವರ್ಷದಲ್ಲಿ ಹಾಗೆ ನಿಂತಿದ್ದು ಇದೇ ಮೊದಲು.

ಚುಚ್ಚಿದಮೇಲೆ ಮೊದಲ ಸಲ ನನ್ನ ಮುಖ ನೋಡಿದರು. “ನಿಮ್ಮನ್ನ ತೆಗೀಬೇಕೋ ಬೇಡವೋ ಆಮೇಲೆ ಯೋಚಿಸ್ತೀನಿ. ಈಗ ಬೇರೆ ನರ್ಸು ಸಿಗೋಲ್ಲ. ಆದರೆ ಆ ತಾಯಿಗೆ ನೀವೇ ಹೇಳಬೇಕು.”

೧೪-೧೦-೪೩, ಗುರುವಾರ

ಏಳನೇ ದಿನ. ಚೆನ್ನಾಗಿ ಕುಡೀತಿದೆ.

ಹೇಳಿದೆ. ಮಾಯಮ್ಮ ಮಗುವಿಗೆ ಹಾಲೂಡಿಸ್ತಿದ್ದಳು, ಅತ್ತೆ ಎಲೆ ಅಡಿಕೆ ಹಾಕ್ತಿದ್ದಳು. ನೆಲದ ಮೇಲೆ ಕೂತು ಹೇಳಿದೆ. ಕತ್ತರಿಗೆ ಧೂಳ್ತ ಹಾಕಿದ್ದು ನಾನೇ, ಅದರಿಂದ ನಂಜು ತಗುಲಬಹುದಿತ್ತು, ಅದಕ್ಕೇ ನಿನ್ನೆ ಸೂಜಿ ಚುಚ್ಚಿದ್ದು, ಇನ್ನೂ ಏಳು ದಿನ ಭಯ ಇದೆ. ಎಲ್ಲಾ.

ಮಾಯಮ್ಮ ಮಗುವನ್ನ ನನ್ನಿಂದ ಆಚೆಗೆ ತಿರುಗಿಸಿಕೊಂಡಳು. ಒಂದೇ ಮಾತು — “ನನ್ ತಲೆ ಮುಟ್ಟಿದ್ರಲ್ಲಕ್ಕ.”

ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆಗ ಚಿಕ್ಕನಂಜಮ್ಮ ಎಲೆ ಉಗಿದು ಬಂದು ನನ್ನ ಗಲ್ಲ ಹಿಡಿದಳು. ಹೊಡೀತಾಳೆ ಅಂದುಕೊಂಡೆ.

“ಮಾದಪ್ಪನ್ ಧೂಳ್ತಾನಾ? ನಿಮ್ ಕೈಯಾರೆ ಆಕುದ್ರಾ? ಅದ್ಕೇ ಕಣವ್ವ ನನ್ ಮೊಮ್ಮಗ್ಳು ಉಳ್ಕಂಡಿರೋದು! ನಾನೂ ಬೂದಿ ಆಕ್ತಿದ್ದೆ, ಒಲೆ ಬೂದಿ. ದ್ಯಾವ್ರುದ್ ಆಕ್ನಿಲ್ಲ. ಅದೇ ನನ್ ತೆಪ್ಪು!”

ಅಲ್ಲಮ್ಮ, ಹಾಗಲ್ಲ, ಸೀರಂ ಅಂತ ಶುರುಮಾಡಿದೆ. ಕೇಳೋಕೆ ಅವಳು ಅಲ್ಲಿದ್ದರೆ ತಾನೆ. ಜಗಲಿಗೆ ಹೋಗಿ ಬಂದವರಿಗೆಲ್ಲ ಹೇಳ್ತಿದ್ದಳು. ಮಾಯಮ್ಮ ಕೂಡ ನಿಧಾನಕ್ಕೆ ಈ ಕಡೆ ತಿರುಗಿದಳು. “ಔದಾ ಅಕ್ಕ?” ಅಂದಳು, ಆಸೆಯಿಂದ. ಆ ಮುಖ ನೋಡಿ ನನಗೆ ಇನ್ನೊಂದು ಸಲ ಬಾಯಿ ತೆರೆಯೋ ಶಕ್ತಿ ಇರಲಿಲ್ಲ.

ಸುಮ್ಮನಾದೆ. ನಿಜ ಹೇಳಬೇಕು ಅಂದರೆ, ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು. ಬೈಯೋರಿಲ್ಲ. ಕೈ ಮುಗೀತಾರೆ.

೧೭-೧೦-೪೩, ಭಾನುವಾರ

ಹತ್ತನೇ ದಿನ. ಕುಡೀತಿದೆ. ಹೊಕ್ಕುಳು ಒಣಗಿ ಉದುರಿದೆ. ಕೆಂಪಿಲ್ಲ, ಕೀವಿಲ್ಲ.

ಹೇಳಿದಿರಾ ಅಂತ ಡಾಕ್ಟರು ಕೇಳಿದರು. ಹೇಳಿದೆ ಅಂದೆ. ಏನಂದರು? ಏನೂ ಅನ್ನಲಿಲ್ಲ ಅಂದೆ. ಅದು ಅರ್ಧ ನಿಜ.

೨೧-೧೦-೪೩, ಗುರುವಾರ

ಹದಿನಾಲ್ಕು! ಆರು ಪೌಂಡು ಎರಡು ಔನ್ಸು. ಮಾಯಮ್ಮ ಊರಿಗೆ ಹೊರಟಳು. ಗಾಡಿಯಲ್ಲಿ ಕೂತು ಮಗುವಿನ ಕೈ ಹಿಡಿದು ನನ್ನ ಕಡೆ ಆಡಿಸಿದಳು. ಡಾಕ್ಟರು ಒಳಗೆ ಹೋಗಿ ಒಂದು ಕಾಗದ ಹರಿದು ಬುಟ್ಟಿಗೆ ಹಾಕಿದರು. ನನ್ನನ್ನ ತೆಗೆಯೋಕೆ ಬರೆದಿಟ್ಟಿದ್ದ ಕಾಗದವಿರಬೇಕು.

ಇವತ್ತು ಎರಡು ಹೊತ್ತೂ ಊಟ ಮಾಡಿದೆ.

೧-೧೧-೪೩, ಸೋಮವಾರ

ಬಸುರಿಯರು ನಾಲ್ಕೇ ಜನ. ಪೂರಿಗಾಲಿಯಿಂದ ಒಬ್ಬಳೂ ಇಲ್ಲ. ಮಂಗಳಮ್ಮ ಕೂಡ ಬಂದಿಲ್ಲ, ದಿನ ತುಂಬಿದೆ ಅವಳಿಗೆ. ದೀಪಾವಳಿ ಸುಸ್ತು ಅಂದುಕೊಂಡೆ.

ಚಿಕ್ಕಬೋರಮ್ಮ ನಗುತ್ತಾ ಅಂದಳು, “ಅವ್ರ್ಯಾಕ್ ಬಂದಾರವ್ವ? ಆಸ್ಪತ್ರೇಲೂ ಕತ್ರಿಗೆ ಧೂಳ್ತಾನೇ ಆಕದು, ನರ್ಸಮ್ಮಾರೇ ಆಕ್ತಾರೆ ಅಂತ ಚಿಕ್ಕನಂಜಮ್ಮ ಊರೆಲ್ಲಾ ಸಾರವ್ಳೆ. ಅದ್ಕೇನು, ಮನೇಲೇ ಆಕಂದ್ರಾಯ್ತು ಅಂತವ್ರೆ.”

ಪೂರಿಗಾಲಿಗೆ ಹೋಗಿ ಹೇಳಬೇಕು. ಇವತ್ತು ಡ್ರಮ್ಮಿನ ಕೆಲಸ ಇದೆ. ನಾಳೆ, ಇಲ್ಲ ನಾಡಿದ್ದು. ಎಲ್ಲರ ಮುಂದೆ ನಿಂತು ಹೇಗೆ ಶುರುಮಾಡೋದು ಅದು ಬೇರೆ.

೮-೧೧-೪೩, ಸೋಮವಾರ

ಮಳೆ. ಹೋಗೋಕಾಗಲಿಲ್ಲ. ಮಳೆ ನಿನ್ನೆ ಶುರುವಾದದ್ದು, ಅದಕ್ಕೆ ಮುಂಚೆ ಐದು ದಿನ ಬಿಸಿಲಿತ್ತು.

೧೧-೧೧-೪೩, ಗುರುವಾರ, ಸಂಜೆ ನಾಲ್ಕು. ಪೂರಿಗಾಲಿ

ಪೆನ್ಸಿಲಲ್ಲಿ ಬರೀತಿದೀನಿ. ಬರೆಯದೆ ಕೂತರೆ ಕಿರುಚಿಬಿಡ್ತೀನಿ.

ಹನ್ನೊಂದಕ್ಕೆ ಮಂಗಳಮ್ಮನ ಗಂಡ ಸಿದ್ದರಾಮು ಓಡಿಬಂದ. ಹೆಂಡತಿಗೆ ಶುಕ್ರವಾರ ಮನೆಯಲ್ಲೇ ಹೆರಿಗೆ ಆಗಿದೆ, ಗಂಡು. ಐದು ದಿನ ಚೆನ್ನಾಗಿತ್ತು. “ಬೆಳುಗ್ಗಿಂದ ಮೊಲೆ ಇಡೀತಿಲ್ಲ ಕಣಕ್ಕ, ಬಾಯೇ ಬುಡ್ತಿಲ್ಲ.” ಡಾಕ್ಟರು ಮೀಟಿಂಗಿಗೆ ಅಂತ ಮಂಡ್ಯದಲ್ಲಿ. ಅವರಿಗೆ ತಂತಿ ಕೊಡಿಸಿದೆ. ಚಲುವರಾಜುವನ್ನ ಮೈಸೂರಿಗೆ ಓಡಿಸಿದೆ. ಸೀರಂ ಬಂದರೂ ನಾಳೆ. ಬಂದರೂ... ಶುರುವಾದಮೇಲೆ ಏನಂತ ನೋಟ್ಸಲ್ಲಿ ನಾನೇ ಬರೆದಿದೀನಿ.

ಸಿದ್ದರಾಮುವಿನ ಗಾಡಿಯಲ್ಲೇ ಬಂದೆ. ಕೈ ತೊಳೆದು ಕಿರುಬೆರಳು ತುಟಿಗೆ ತಾಗಿಸಿದೆ. ತೆರೆಯಲಿಲ್ಲ. ತುಟಿ ಸೀಟಿ ಹೊಡೆಯೋರ ಹಾಗೆ ಮುಂದಕ್ಕೆ ಬಂದಿದೆ. ಮುಷ್ಟಿ ಬಿಗಿ. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದ ಸದ್ದಿಗೆ ಮೈಯೆಲ್ಲ ಬಿಲ್ಲಾಯಿತು.

ಮಂಗಳಮ್ಮ ಅಳ್ತಾ ಇಲ್ಲ. ನಾನು ಬಂದದ್ದೇ ಅವಳಿಗೆ ಧೈರ್ಯ. “ಎಲ್ಲಾ ನೀವ್ ಮಾಡ್ದಂಗೇ ಮಾಡ್ಸಿವ್ನಿ ಕಣಕ್ಕ. ಒಸಾ ಕತ್ರಿ. ಬಿಸ್ನೀರಲ್ಲಿ ತೊಳ್ದು, ಮೇಲೆ ಧೂಳ್ತ. ಒಂದೂ ತೆಪ್ಪುಸ್ನಿಲ್ಲ.”

ಕೋಣೆ ಕತ್ತಲು ಮಾಡಿಸಿದೆ. ಯಾರೂ ಸದ್ದು ಮಾಡಬೇಡಿ ಅಂದೆ. ಬಾಗಿಲ ಹತ್ತಿರದ ಬೆಳಕಲ್ಲಿ ಬರೀತಿದೀನಿ. ಹೆಂಗಸರು ಆರು ಜನ ಗೋಡೆಗೊರಗಿ ಕೂತಿದಾರೆ. ಚಿಕ್ಕನಂಜಮ್ಮ ಇದಾಳೆ. ಮಾಯಮ್ಮ ಇದಾಳೆ, ತೊಡೆ ಮೇಲೆ ಮಗು, ಗುಂಡಗೆ. ಇನ್ನೊಬ್ಬಳು ಏಳು ತಿಂಗಳ ಬಸುರಿ, ಅವಳ ಸೆರಗಿನ ತುದಿಯಲ್ಲಿ ಗಂಟು. ಅದರಲ್ಲಿ ಏನಿದೆ ಅಂತ ಕೇಳಬೇಕಾಗಿಲ್ಲ.

ಮಂಗಳಮ್ಮ ಪಿಸುಗುಟ್ಟಿದಳು, “ಅದೇನಕ್ಕ ಬರೀತಿದ್ದೀರಿ?”

ದಿನಾ ನಡೆದದ್ದು ಅಂದೆ.

“ಮಾಯಮ್ಮುನ್ ಮೊಗೀನ್ ಇಚಾರಾನೂ ಐತಾ ಅದ್ರಾಗೆ?”

ಇದೆ ಅಂದೆ.

“ಓದಿ, ಕೇಳವಾ. ಅದು ಎಂಗ್ ಉಳ್ಕತು ಅಂತ ಕೇಳುದ್ರೆ ನಂಗೂ ವಸಿ ಧೈರ್ಯ ಬತ್ತದೆ.”

ಎಲ್ಲರೂ ನನ್ನ ಕಡೆ ನೋಡ್ತಿದಾರೆ. ಆಯುಧಪೂಜೆ ದಿನದ, ಏಳನೇ ತಾರೀಕಿನ ಹಾಳೆ ಹುಡುಕಿ ಬೆರಳಿಟ್ಟುಕೊಂಡಿದೀನಿ. ಅಲ್ಲಿಂದಲೇ ಓದಬೇಕು. ಸೀರಂ ಬಿಡಬಾರದು, ಚಿಕ್ಕಬೋರಮ್ಮನ ಮೇಲೆ ಹಾಕೋಣ ಅಂದುಕೊಂಡದ್ದನ್ನ ಬಿಡಬಾರದು, ಬಿಸಿಲಿದ್ದ ಐದು ದಿನ ಬಿಡಬಾರದು. ಮಂಗಳಮ್ಮ ಮಗುವನ್ನ ಎದೆಗೆ ಒತ್ತಿಕೊಂಡು ಹತ್ತಿರ ಸರಿದು ಕೂತಳು. ಶುರುಮಾಡ್ತೀನಿ. ಮಗು ಮತ್ತೆ ಸೆಟೆ—